ಒಂದೇ ಬೈಠಕ್ಕಿನ ಭಾವಚಿತ್ರ: ಸಾರ್ಜೆಂಟ್ ಸಾಧಿಸಿದ ಬಗೆ

ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ತೈಲವರ್ಣದ ಭಾವಚಿತ್ರವೆಂದರೆ ವಾರಗಟ್ಟಲೆಯ ಕೆಲಸ. ಮೊದಲು ರೇಖಾಚಿತ್ರ, ಅದರ ಮೇಲೆ ಮಬ್ಬು ಬಣ್ಣದ ತಳಪದರ, ಅದು ಒಣಗಿದ ಬಳಿಕ ಒಂದರ ಮೇಲೊಂದು ವರ್ಣಲೇಪ. ಕಲಾಶಾಲೆಗಳು ಕಲಿಸುತ್ತಿದ್ದುದು ಈ ಕ್ರಮವನ್ನೇ. ಎದುರು ಕುಳಿತವರನ್ನು ನೋಡುತ್ತ, ಬಣ್ಣ ಹಸಿಯಾಗಿರುವಾಗಲೇ ಒಂದೇ ಬೈಠಕ್ಕಿನಲ್ಲಿ ಮುಖವನ್ನು ಮುಗಿಸುವ ವಿದ್ಯೆ ಬೇರೆಯೇ. ಆ ವಿದ್ಯೆಗೆ ಜಗತ್ತಿನಾದ್ಯಂತ ಹೆಸರಾದವನು ಜಾನ್ ಸಿಂಗರ್ ಸಾರ್ಜೆಂಟ್. ಆತನ ಕುಂಚದ ವೇಗವನ್ನು ಎಲ್ಲರೂ ಕೊಂಡಾಡಿದರು. ಆ ವೇಗಕ್ಕೆ ಆತ ತೆತ್ತ ಬೆಲೆಯನ್ನು ಅರಿತವರು ಕಡಿಮೆ.

ಸಾರ್ಜೆಂಟ್ ಜನಿಸಿದ್ದು 1856ರ ಜನವರಿ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ಫಿಲಡೆಲ್ಫಿಯಾದಲ್ಲಿ ನೇತ್ರ ಶಸ್ತ್ರವೈದ್ಯರಾಗಿದ್ದವರು. ಮೊದಲ ಮಗುವನ್ನು ಕಳೆದುಕೊಂಡ ದುಃಖದಲ್ಲಿ ದಂಪತಿ ಅಮೆರಿಕ ತೊರೆದು ಯುರೋಪಿಗೆ ಬಂದರು. ಚಳಿಗಾಲಕ್ಕೊಂದು ಊರು, ಬೇಸಿಗೆಗೊಂದು ಊರು ಎಂಬಂತೆ ಕುಟುಂಬ ಅಲೆಯಿತು. ಬಾಲಕನಿಗೆ ಕ್ರಮಬದ್ಧ ಶಾಲೆ ದೊರೆತದ್ದು ಅಪರೂಪ. ಚಿತ್ರಕಲೆಯಲ್ಲಿ ಆಸಕ್ತಿಯಿದ್ದ ತಾಯಿ ಮೇರಿಯೇ ಮಗನ ಕೈಗೆ ಪೆನ್ಸಿಲ್ ಕೊಟ್ಟವರು.

1874ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಆತ ಪ್ಯಾರಿಸ್ಸಿನ ಕರೋಲಸ್ ಡ್ಯುರಾನ್ ಅವರ ಚಿತ್ರಶಾಲೆ ಸೇರಿದ. ಸ್ಪೇನಿನ ವೆಲಾಸ್ಕೆಸ್‌ನನ್ನು ಆರಾಧಿಸುತ್ತಿದ್ದ ಈ ಗುರು ಹಳೆಯ ಕ್ರಮವನ್ನು ಬದಿಗಿಟ್ಟಿದ್ದರು. ಇದ್ದಿಲಿನಿಂದ ತಲೆಯ ಸ್ಥಾನವನ್ನಷ್ಟೇ ಗುರುತಿಸಿಕೊಂಡು ನೇರವಾಗಿ ಬಣ್ಣಕ್ಕೆ ಇಳಿಯಬೇಕು. ಹಣೆ, ಕೆನ್ನೆ, ಮೂಗುಗಳನ್ನು ಬೆಳಕು ಬಿದ್ದ ಬೇರೆ ಬೇರೆ ಪಾತಳಿಗಳೆಂದು ನೋಡಬೇಕು. ನಡುಛಾಯೆಯನ್ನು ಮೊದಲು ಹಿಡಿದು, ಅಲ್ಲಿಂದ ಬೆಳಕಿನ ಕಡೆಗೂ ನೆರಳಿನ ಕಡೆಗೂ ಸಾಗಬೇಕು. ಹೀಗೆ ಬರೆಯುವಾಗ ತಪ್ಪನ್ನು ಮುಚ್ಚಲು ಮೇಲಿನ ಪದರವಿಲ್ಲ. ಆದ್ದರಿಂದ ಕುಂಚ ಕ್ಯಾನ್ವಾಸ್ ಮುಟ್ಟುವ ಮೊದಲೇ ಕಣ್ಣು ತೀರ್ಮಾನ ಮಾಡಿರಬೇಕು.

ಶಿಷ್ಯ ಪಾಠವನ್ನು ಮೂಲದಲ್ಲೇ ಪರೀಕ್ಷಿಸಿದ. 1879ರಲ್ಲಿ ಮ್ಯಾಡ್ರಿಡ್‌ಗೆ ಹೋಗಿ ವೆಲಾಸ್ಕೆಸ್‌ನ ಕೃತಿಗಳನ್ನು, ಮರುವರ್ಷ ಹಾಲೆಂಡಿನ ಹಾರ್ಲೆಮ್‌ನಲ್ಲಿ ಫ್ರಾನ್ಸ್ ಹಾಲ್ಸ್‌ನ ಕೃತಿಗಳನ್ನು ನಕಲು ಮಾಡಿದ. ಇದರ ಫಲ 1881ರಲ್ಲಿ ಕಂಡಿತು. ಬಾಲ್ಯದ ಗೆಳತಿ, ವರ್ನನ್ ಲೀ ಎಂಬ ಕಾವ್ಯನಾಮದ ಲೇಖಕಿಯ ಮುಖವನ್ನು ಆತ ಸುಮಾರು ಮೂರು ಗಂಟೆಗಳ ಒಂದೇ ಬೈಠಕ್ಕಿನಲ್ಲಿ ಮುಗಿಸಿದ. ಕನ್ನಡಕದ ಹೊಳಪು, ಮಾತಿಗೆ ತೆರೆದಂತಿರುವ ತುಟಿ, ಎಲ್ಲವೂ ಕೆಲವೇ ಕುಂಚದೇಟುಗಳಲ್ಲಿ ಮೂಡಿವೆ. ಲಂಡನ್ನಿನ ಟೇಟ್ ಸಂಗ್ರಹದಲ್ಲಿ ಈ ಚಿತ್ರವಿದೆ.

ಎಲ್ಲ ಚಿತ್ರಗಳೂ ಹೀಗೆ ಒಲಿಯಲಿಲ್ಲ. ಹಲವು ರೇಖಾಚಿತ್ರಗಳ ಸಿದ್ಧತೆಯೊಂದಿಗೆ ದೀರ್ಘಕಾಲ ಶ್ರಮಿಸಿ ಬರೆದ ಮದಾಂ ಗೋತ್ರೋ ಭಾವಚಿತ್ರ 1884ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಅಪಹಾಸ್ಯಕ್ಕೆ ಗುರಿಯಾಯಿತು. ಭುಜದಿಂದ ಜಾರಿದ್ದ ಉಡುಪಿನ ಪಟ್ಟಿಯನ್ನು ಆತ ಬಳಿಕ ತಿದ್ದಿ ಬರೆದನಾದರೂ ಪ್ಯಾರಿಸ್ಸಿನ ಗ್ರಾಹಕರು ದೂರ ಸರಿದರು. 1886ರ ಹೊತ್ತಿಗೆ ಸಾರ್ಜೆಂಟ್ ಲಂಡನ್ನಿನಲ್ಲಿ ನೆಲೆಸಿದ್ದ.

ಅಲ್ಲಿ ಕೀರ್ತಿ ಹುಡುಕಿಕೊಂಡು ಬಂತು. ಆತ ಕೆಲಸ ಮಾಡುತ್ತಿದ್ದ ರೀತಿಯೂ ಪ್ರಸಿದ್ಧವಾಯಿತು. ಕ್ಯಾನ್ವಾಸನ್ನು ಕುಳಿತವರ ಪಕ್ಕದಲ್ಲೇ ನಿಲ್ಲಿಸಿ, ದೂರ ಸರಿದು ಎರಡನ್ನೂ ಒಟ್ಟಿಗೆ ನೋಡಿ, ಮುಂದೆ ಬಂದು ಒಂದು ಏಟು ಹಾಕಿ ಮತ್ತೆ ಹಿಂದೆ ಸರಿಯುತ್ತಿದ್ದ. ಮುಖ ಸರಿಬಾರದಿದ್ದರೆ ಅದನ್ನು ತೇಪೆ ಹಾಕಿ ಉಳಿಸುತ್ತಿರಲಿಲ್ಲ. ಪೂರ್ತಿ ಕೆರೆದು ತೆಗೆದು ಮತ್ತೊಮ್ಮೆ ಮೊದಲಿನಿಂದ ಆರಂಭಿಸುತ್ತಿದ್ದ. ಹೀಗಾಗಿ ಒಂದು ಭಾವಚಿತ್ರಕ್ಕೆ ಹಲವು ಬೈಠಕ್ಕುಗಳು ಹಿಡಿದರೂ ಕೊನೆಗೆ ಉಳಿದ ಮುಖದಲ್ಲಿ ದಣಿವಿನ ಗುರುತಿರಲಿಲ್ಲ. ನೋಡುಗರು ಸಲೀಸೆಂದು ಬಗೆದದ್ದು ಅನೇಕ ವಿಫಲ ಯತ್ನಗಳ ಮೇಲೆ ನಿಂತಿತ್ತು.

ಬೇಡಿಕೆಯೇ ಕಡೆಗೆ ಹೊರೆಯಾಯಿತು. ಶ್ರೀಮಂತರ ಒತ್ತಾಯ, ಹೋಲಿಕೆಯ ಕುರಿತ ಆಕ್ಷೇಪಗಳಿಂದ ಬೇಸತ್ತು 1907ರ ಸುಮಾರಿಗೆ ಆತ ತೈಲವರ್ಣದ ಭಾವಚಿತ್ರಗಳ ಕೋರಿಕೆಗಳನ್ನು ಒಪ್ಪುವುದನ್ನು ಬಹುಮಟ್ಟಿಗೆ ನಿಲ್ಲಿಸಿದ. ಜನ ಬಿಡಲಿಲ್ಲ. ಅವರನ್ನು ಸಮಾಧಾನಪಡಿಸಲು ಇದ್ದಿಲನ್ನು ಕೈಗೆತ್ತಿಕೊಂಡ. ಎರಡು ಮೂರು ಗಂಟೆಗಳ ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತಿದ್ದ ಅಂತಹ ನೂರಾರು ಮುಖಗಳನ್ನು ಬರೆದ. ತಾರುಣ್ಯದಲ್ಲಿ ಕಲಿತ ವಿದ್ಯೆ ಹೀಗೆ ಕೊನೆಯವರೆಗೂ ಜೊತೆಗಿತ್ತು. ಮೊದಲ ಮಹಾಯುದ್ಧದ ರಣರಂಗವನ್ನು 1918ರಲ್ಲಿ ಕಂಡುಬಂದು, ವಿಷಾನಿಲದಿಂದ ಕಣ್ಣು ಕಾಣದಾದ ಸೈನಿಕರ ಬೃಹತ್ ಚಿತ್ರವನ್ನೂ ರಚಿಸಿದ.

1925ರ ಏಪ್ರಿಲ್ 15ರಂದು ಲಂಡನ್ನಿನಲ್ಲಿ ಸಾರ್ಜೆಂಟ್ ನಿಧನನಾದ. ಆತನ ಕೈಚಳಕದಲ್ಲಿ ಆಳವಿಲ್ಲವೆಂದು ಆಧುನಿಕ ಕಲೆಯ ಪಕ್ಷಪಾತಿ ವಿಮರ್ಶಕರು ದಶಕಗಳ ಕಾಲ ಕಡೆಗಣಿಸಿದರು. ಆದರೆ ನಿಧನದ ಶತಮಾನದ ವರ್ಷವಾದ 2025ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯ ಆತನ ಪ್ಯಾರಿಸ್ ವರ್ಷಗಳ ಕುರಿತೇ ದೊಡ್ಡ ಪ್ರದರ್ಶನ ಏರ್ಪಡಿಸಿತು. ಒಂದು ಕಾಲಕ್ಕೆ ನಗೆಪಾಟಲಾಗಿದ್ದ ಮದಾಂ ಗೋತ್ರೋ ಭಾವಚಿತ್ರವೇ ಅಲ್ಲಿ ಪ್ರಮುಖ ಆಕರ್ಷಣೆಯಾಗಿತ್ತು.