ಮಾನಾ ತೀರದ ಮಾತೆ

ಮನುಷ್ಯನೇ ಮನುಷ್ಯನನ್ನು ಸಂತೆಯಲ್ಲಿ ನಿಲ್ಲಿಸಿ ಮಾರುತ್ತಿದ್ದ ಕಾಲವೊಂದಿತ್ತು. ಆಫ್ರಿಕ ಖಂಡದ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಹಿಡಿದು, ಸಂಕೋಲೆ ತೊಡಿಸಿ, ಹಡಗುಗಳ ಒಡಲಲ್ಲಿ ತುಂಬಿ, ಅಟ್ಲಾಂಟಿಕ್ ಸಾಗರದಾಚೆಯ ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದರು. ಯೂರೋಪಿನ ಬಲಿಷ್ಠ ರಾಷ್ಟ್ರಗಳು ಹಲವು ಶತಮಾನಗಳ ಕಾಲ ಈ ಘೋರ ವ್ಯಾಪಾರದಿಂದ ಸಿರಿವಂತವಾದವು. ಇದನ್ನು ಎದುರಿಸಿದವರಲ್ಲಿ ಶಾಸನಸಭೆಗಳಲ್ಲಿ ಗುಡುಗಿದ ವಾಗ್ಮಿಗಳಿದ್ದರು. ಲೇಖನಿಯನ್ನೇ ಖಡ್ಗವಾಗಿಸಿಕೊಂಡ ವಿಚಾರವಂತರಿದ್ದರು. ಪ್ರಾಣದ ಹಂಗು ತೊರೆದು ದಂಗೆಯೆದ್ದ ಗುಲಾಮರೂ ಇದ್ದರು. ಇವರ ನಡುವೆ, ಗುದ್ದಲಿಯನ್ನೂ ಪಾಟಿಯನ್ನೂ ಆಯುಧಗಳನ್ನಾಗಿ ಮಾಡಿಕೊಂಡು, ಕಾಡಿನ ಮೂಲೆಯೊಂದರಲ್ಲಿ ಈ ಅನ್ಯಾಯದೊಡನೆ ಸೆಣಸಿದ ಸನ್ಯಾಸಿನಿಯೊಬ್ಬಳೂ ಇದ್ದಳು. ಆಕೆಯೇ ಆನ್ ಮಾರಿ ಜಾವೂಯೆ.

ಆನ್ ಮಾರಿ 1779ನೆಯ ಇಸವಿ ನವೆಂಬರ್ 10ರಂದು ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದ ಜಾಲಾಂಜ್ ಎಂಬ ಹಳ್ಳಿಯಲ್ಲಿ ಜನಿಸಿದಳು. ತಂದೆ ಬಾಲ್ತಜಾರ್ ಅನುಕೂಲಸ್ಥನಾದ ರೈತ. ಹೊಲಗದ್ದೆಗಳ ನಡುವೆ ಬೆಳೆದ ಬಾಲಿಕೆ ದುಡಿಮೆಗೆ ಅಂಜದವಳೂ ಮಾತಿನಲ್ಲಿ ಚುರುಕಾದವಳೂ ಆಗಿದ್ದಳು. ಆಕೆಗೆ ಹತ್ತು ವರ್ಷ ತುಂಬುವುದರೊಳಗೆ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಕ್ರಾಂತಿ ಸರ್ಕಾರಕ್ಕೆ ಪ್ರತಿಜ್ಞೆ ಮಾಡಲೊಪ್ಪದ ಕ್ರೈಸ್ತ ಗುರುಗಳು ತಲೆಮರೆಸಿಕೊಂಡು ತಿರುಗಬೇಕಾಯಿತು. ಅಂಥವರಿಗೆ ಆಶ್ರಯ ನೀಡುವುದು ಅಪಾಯದ ಕೆಲಸ. ಆದರೂ ಈ ಎಳೆಯ ಹುಡುಗಿ ಅವರನ್ನು ಬಚ್ಚಿಡಲು ನೆರವಾದಳು; ಊರಿನ ಮಕ್ಕಳನ್ನು ಕೂಡಿಸಿಕೊಂಡು ಅಕ್ಷರವನ್ನೂ ಪ್ರಾರ್ಥನೆಯನ್ನೂ ಕಲಿಸತೊಡಗಿದಳು. ಅಧಿಕಾರದ ಆಜ್ಞೆಗಿಂತ ಅಂತರಂಗದ ಆಜ್ಞೆ ದೊಡ್ಡದೆಂಬ ಪಾಠವನ್ನು ಆಕೆ ಕಲಿತದ್ದು ಆ ದಿನಗಳಲ್ಲಿಯೇ.

ಮಗಳು ಸನ್ಯಾಸ ಸ್ವೀಕರಿಸುವುದು ತಂದೆಗೆ ಇಷ್ಟವಿರಲಿಲ್ಲ. ಆದರೆ ಆಕೆಯ ನಿರ್ಧಾರದ ಮುಂದೆ ಆತ ಮಣಿಯಬೇಕಾಯಿತು. 1807ರಲ್ಲಿ ಶಾಲೋನ್ ಪಟ್ಟಣದಲ್ಲಿ ಆನ್ ಮಾರಿ, ಆಕೆಯ ಮೂವರು ಒಡಹುಟ್ಟಿದ ಸೋದರಿಯರು ಹಾಗೂ ಇನ್ನೈವರು ತರುಣಿಯರು ಸಂತ ಜೋಸೆಫರ ಹೆಸರಿನಲ್ಲಿ ಸನ್ಯಾಸಿನಿಯರ ಹೊಸ ಸಂಘವೊಂದನ್ನು ಕಟ್ಟಿದರು. ಬಡಮಕ್ಕಳ ವಿದ್ಯಾಭ್ಯಾಸ ಮತ್ತು ರೋಗಿಗಳ ಶುಶ್ರೂಷೆ ಸಂಘದ ಉದ್ದೇಶಗಳಾಗಿದ್ದವು. 1812ರಲ್ಲಿ ಕ್ಲೂನಿ ಎಂಬ ಊರಿನಲ್ಲಿ ಹಳೆಯ ಮಠವೊಂದನ್ನು ಕೊಂಡುಕೊಂಡುದರಿಂದ ಈ ಸಂಘಕ್ಕೆ ಕ್ಲೂನಿಯ ಸಂತ ಜೋಸೆಫರ ಸೋದರಿಯರೆಂಬ ಹೆಸರು ನೆಲೆನಿಂತಿತು.

ಪ್ಯಾರಿಸ್ ನಗರದಲ್ಲಿ ಈ ಸೋದರಿಯರು ನಡೆಸಿದ ಶಾಲೆಯ ಕೀರ್ತಿ ಸರ್ಕಾರದ ಕಿವಿಗೂ ಬಿತ್ತು. ದೂರದ ವಸಾಹತುಗಳಿಗೆ ಉಪಾಧ್ಯಾಯಿನಿಯರನ್ನೂ ದಾದಿಯರನ್ನೂ ಕಳುಹಿಸಿಕೊಡಬೇಕೆಂಬ ಕೋರಿಕೆ ಬಂದಿತು. 1817ರಲ್ಲಿ ಮೊದಲ ತಂಡ ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪಕ್ಕೆ ಹಡಗು ಹತ್ತಿತು. 1819ರಲ್ಲಿ ಮತ್ತೊಂದು ತಂಡ ಪಶ್ಚಿಮ ಆಫ್ರಿಕದ ಸೆನೆಗಾಲಿಗೆ ತೆರಳಿತು. 1827ರಲ್ಲಿ ಈ ಸೋದರಿಯರು ನಮ್ಮ ನಾಡಿನ ಪಾಂಡಿಚೇರಿಗೂ ಬಂದರು. ಅವರ ಕೆಲಸ ಮುಂದೆ ಭಾರತದ ಇತರ ಊರುಗಳಿಗೂ ಹಬ್ಬಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕ್ಲೂನಿ ಹೆಸರಿನ ಶಾಲೆಯ ಮೂಲವೂ ಇದೇ ಸಂಘವೇ.

ಇತರರನ್ನು ಕಷ್ಟದ ನಾಡಿಗೆ ಕಳುಹಿಸಿ ತಾನು ಮಠದಲ್ಲಿ ಸುಖವಾಗಿರುವುದು ಆನ್ ಮಾರಿಗೆ ಒಗ್ಗದ ಮಾತು. 1822ರಲ್ಲಿ ಆಕೆಯೇ ಸೆನೆಗಾಲಿಗೆ ಹೊರಟಳು. ಅಲ್ಲಿಂದ ಗ್ಯಾಂಬಿಯಾ ಮತ್ತು ಸಿಯೆರಾ ಲಿಯೋನ್ ನಾಡುಗಳಿಗೂ ಹೋಗಿ ಆಸ್ಪತ್ರೆಗಳಲ್ಲಿ ಸೇವೆ ಮಾಡಿದಳು. ಅಲ್ಲಿ ಆಫ್ರಿಕದ ಜನರೊಡನೆ ಒಡನಾಡಿದಾಗ ಆಕೆಗೆ ಒಂದು ಸತ್ಯ ಗೋಚರಿಸಿತು. ಕರಿಯರು ಬುದ್ಧಿಯಲ್ಲಿ ಕೀಳೆಂಬುದು, ಅವರನ್ನು ದುಡಿಸಿಕೊಂಡು ಬದುಕುವವರು ತಮ್ಮ ಪಾಪವನ್ನು ಮುಚ್ಚಿಕೊಳ್ಳಲು ಕಟ್ಟಿದ ಸುಳ್ಳು. ಕೊರತೆಯಿದ್ದುದು ಬುದ್ಧಿಗಲ್ಲ, ಅವಕಾಶಕ್ಕೆ. ಇದನ್ನು ಬಾಯಿಮಾತಿನಲ್ಲಿ ಹೇಳಿ ಆಕೆ ಸುಮ್ಮನಾಗಲಿಲ್ಲ. ಆಫ್ರಿಕದ ಮಕ್ಕಳನ್ನು ಫ್ರಾನ್ಸಿಗೆ ಕರೆಸಿ ವಿದ್ಯೆ ಕೊಡಿಸಿದಳು. ಅವರಲ್ಲಿ ಮೂವರು 1840ರಲ್ಲಿ ಗುರುದೀಕ್ಷೆ ಪಡೆದರು. ಅವರಲ್ಲೊಬ್ಬನಾದ ದಾವಿದ್ ಬ್ವಾಲಾ ಮುಂದೆ ಸೆನೆಗಾಲಿನ ಜನಜೀವನವನ್ನು ಕುರಿತು ಗ್ರಂಥ ರಚಿಸಿ ಹೆಸರಾದನು.

ಆನ್ ಮಾರಿಯ ಬಾಳಿನ ನಿಜವಾದ ರಣರಂಗ ದಕ್ಷಿಣ ಅಮೆರಿಕದ ಈಶಾನ್ಯ ತೀರದಲ್ಲಿ ಆಕೆಗಾಗಿ ಕಾದಿತ್ತು. ಫ್ರೆಂಚ್ ಗಯಾನಾ ಎಂಬ ಆ ವಸಾಹತಿನ ವಾಯವ್ಯ ಭಾಗದಲ್ಲಿ ಮಾನಾ ಎಂಬ ನದಿ ಹರಿಯುತ್ತದೆ. ಅದರ ದಡದಲ್ಲಿ ದಟ್ಟವಾದ ಕಾಡು, ಜೌಗು ನೆಲ, ಸೊಳ್ಳೆಗಳ ಹಿಂಡು, ಬಿಡದೆ ಕಾಡುವ ಜ್ವರ. ರಾಜಧಾನಿ ಕೇಯೆನ್‌ನಿಂದ ಬಹುದೂರವಿದ್ದ ಆ ಸ್ಥಳದಲ್ಲಿ ಜನವಸತಿ ಮಾಡಲು ಸರ್ಕಾರ ಹೂಡಿದ ಪ್ರಯತ್ನಗಳೆಲ್ಲ ವಿಫಲವಾಗಿದ್ದವು. ಗಂಡಸರು ಸೋತು ಹಿಂದಿರುಗಿದ ಆ ನೆಲವನ್ನು 1828ರಲ್ಲಿ ಸರ್ಕಾರ ಸನ್ಯಾಸಿನಿಯೊಬ್ಬಳ ಕೈಗೆ ಒಪ್ಪಿಸಿತು. 36 ಮಂದಿ ಸೋದರಿಯರು, ಕೆಲವು ರೈತರು ಮತ್ತು ಕುಶಲಕರ್ಮಿಗಳೊಡನೆ ಆಕೆ ಅಲ್ಲಿಗೆ ಬಂದಿಳಿದಳು. ಸೋದರಿಯರು ತಾವೇ ಗುದ್ದಲಿ ಹಿಡಿದು ನೆಲವನ್ನು ಹದಮಾಡಿದರು. ಮರವೆಣಸು, ಬಾಳೆಗಳ ತೋಟಗಳು ಎದ್ದವು. ಮನೆಗಳೂ ಪ್ರಾರ್ಥನಾಮಂದಿರವೂ ತಲೆಯೆತ್ತಿದವು. ಜೊತೆಗೆ ಬಂದ ವಲಸೆಗಾರರು ಒಪ್ಪಂದದ ಅವಧಿ ಮುಗಿದೊಡನೆ ಬಹುಪಾಲು ಚದುರಿಹೋದರು; ಆಕೆ ಧೃತಿಗೆಡಲಿಲ್ಲ. ದ್ವೀಪವೊಂದರಲ್ಲಿ ಅನಾಥರಾಗಿ ಕೊಳೆಯುತ್ತಿದ್ದ ಕುಷ್ಠರೋಗಿಗಳನ್ನು 1833ರಲ್ಲಿ ಮಾನಾ ಸಮೀಪದ ಅಕರುವಾನಿ ನದೀತೀರಕ್ಕೆ ತರಿಸಿ, ಅವರಿಗೆ ಮನೆ, ಹಿತ್ತಲು, ಆರೈಕೆಗಳನ್ನು ಒದಗಿಸಿದಳು.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಒಂದು ಹೊಸ ಪ್ರಶ್ನೆ ಎದ್ದಿತು. ಕ್ರಾಂತಿಕಾರಿ ಸರ್ಕಾರ 1794ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದ್ದರೂ ನೆಪೋಲಿಯನ್ 1802ರಲ್ಲಿ ವಸಾಹತುಗಳಲ್ಲಿ ಅದಕ್ಕೆ ಮತ್ತೆ ಮನ್ನಣೆ ಕೊಟ್ಟಿದ್ದನು. ಮುಂದೆ ಗುಲಾಮರ ಸಾಗಾಣಿಕೆಯನ್ನು ಮಾತ್ರ ನಿಷೇಧಿಸಲಾಯಿತು. ಆದರೂ ಕಳ್ಳಸಾಗಾಣಿಕೆ ನಿಲ್ಲಲಿಲ್ಲ. ಕಳ್ಳಹಡಗುಗಳಿಂದ ಬಿಡಿಸಿದ ಆಫ್ರಿಕನ್ನರು ಸ್ವತಂತ್ರರೆಂದು 1831ರ ಶಾಸನ ಸಾರಿತು. ಆದರೆ ಅದೇ ಶಾಸನ ಅವರನ್ನು ಏಳು ವರ್ಷಗಳವರೆಗೆ ಸರ್ಕಾರದ ದುಡಿಮೆಗೆ ಕಟ್ಟಿಹಾಕಲು ಅವಕಾಶವನ್ನೂ ನೀಡಿತು. ಹೀಗೆ ಹೆಸರಿಗೆ ಸ್ವತಂತ್ರರು, ಬಾಳಿನಲ್ಲಿ ಗುಲಾಮರು ಆದ ಸುಮಾರು 500 ಮಂದಿ ಗಯಾನಾದಲ್ಲಿದ್ದರು. ಅವರ ಅವಧಿ ಮುಗಿಯುತ್ತ ಬಂದಂತೆ ತೋಟಗಳ ಒಡೆಯರು ಕಳವಳಗೊಂಡರು. ಇವರು ಬಿಡುಗಡೆಯಾದರೆ ತಮ್ಮ ಗುಲಾಮರೂ ಬಿಡುಗಡೆಯ ಕನಸು ಕಾಣುವರೆಂಬುದು ಅವರ ಭಯ. ಸರ್ಕಾರ 1835ರಲ್ಲಿ ಆ ಜನರೆಲ್ಲರನ್ನೂ ಆನ್ ಮಾರಿಯ ವಶಕ್ಕೆ ಕೊಡಲು ತೀರ್ಮಾನಿಸಿತು. ಫ್ರಾನ್ಸಿಗೆ ಮರಳಿದ್ದ ಆಕೆ ಮತ್ತೆ ಸಾಗರ ದಾಟಿದಳು.

ಶಿಕ್ಷೆ ಮತ್ತು ದಬ್ಬಾಳಿಕೆಗಳನ್ನಲ್ಲದೆ ಮತ್ತೇನನ್ನೂ ಕಾಣದ ಐನೂರು ಮಂದಿಯನ್ನು ಕೆಲವೇ ಸನ್ಯಾಸಿನಿಯರು ಕಾಡಿನ ನಡುವೆ ಹೇಗೆ ಆಳಬಲ್ಲರೆಂದು ಕೇಯೆನ್‌ನ ಜನ ನಕ್ಕರು. ಸೈನಿಕರ ಕಾವಲಿಲ್ಲ, ಚಾವಟಿಯಿಲ್ಲ. ಕುಟುಂಬಗಳಿಗೆ ಮನೆಯೂ ಭೂಮಿಯೂ ದೊರೆತವು. ಬೆಳಗಿನಿಂದ ಹೊಲದ ದುಡಿಮೆ; ಮಕ್ಕಳಿಗೆ ಶಾಲೆ; ದೊಡ್ಡವರಿಗೆ ಕೃಷಿ ಹಾಗೂ ಕಸುಬುಗಳ ಶಿಕ್ಷಣ. ಬಲವಂತದ ದುಡಿಮೆಯನ್ನು ಕಂಡು ಹೇಸಿದ್ದ ಕೈಗಳು ತಮ್ಮದೇ ಹಿತ್ತಲಿನಲ್ಲಿ ಬೆಳೆದ ಫಲವನ್ನು ಮೊದಲ ಬಾರಿಗೆ ಕೊಯ್ದವು.

ಮಾನಾ ನಗೆಪಾಟಲಾಗುವುದೆಂದು ಕಾದಿದ್ದ ತೋಟದ ಒಡೆಯರಿಗೆ ಅದರ ಏಳಿಗೆಯೇ ಕಣ್ಣುಕಿಸುರಾಯಿತು. ಚಾವಟಿಯಿಲ್ಲದೆ ಕರಿಯರು ದುಡಿಯಲಾರರೆಂಬ ಅವರ ವಾದವನ್ನು ಮಾನಾದ ಒಂದೊಂದು ಬಾಳೆಯ ಗೊನೆಯೂ ಸುಳ್ಳಾಗಿಸುತ್ತಿತ್ತು. ಅವರು ಆಕೆಯ ಮೇಲೆ ದೂರುಗಳ ಸುರಿಮಳೆಗರೆದರು. ನದಿಯ ನಡುವೆ ದೋಣಿ ಮಗುಚಿ ಆಕೆಯನ್ನು ಮುಳುಗಿಸಬೇಕೆಂದು ಅಂಬಿಗನೊಬ್ಬನಿಗೆ ಹಣದ ಆಸೆ ತೋರಿಸಿದ್ದರೆಂದೂ, ಆಕೆಯನ್ನು ಕರೆದೊಯ್ಯುವಾಗ ಅವನಿಗೆ ಆ ಕೃತ್ಯಕ್ಕೆ ಮನಸ್ಸು ಬಾರದೆ ಹೋಯಿತೆಂದೂ ಆಕೆಯ ಚರಿತ್ರೆಕಾರರು ಹೇಳುತ್ತಾರೆ.

1838ನೆಯ ಇಸವಿ ಮೇ 21 ಮಾನಾದ ಚರಿತ್ರೆಯಲ್ಲಿ ಸುವರ್ಣದಿನ. ಅಂದು ಅಲ್ಲಿಯ 185 ಮಂದಿಗೆ ಸಂಪೂರ್ಣ ಬಿಡುಗಡೆ ದೊರೆಯಿತು. ಹೆಸರು, ಮನೆ, ಭೂಮಿ, ಸಂಸಾರಗಳಿಂದ ವಂಚಿತರಾಗಿ ಬಂದವರು ಇವೆಲ್ಲವುಗಳ ಒಡೆಯರಾಗಿ ನಿಂತರು.

ಆನ್ ಮಾರಿಗೆ ಅತ್ಯಂತ ಕಠಿಣವಾದ ಪೆಟ್ಟು ಬಿದ್ದುದು ಹೊರಗಿನವರಿಂದಲ್ಲ, ತನ್ನ ಧರ್ಮಸಭೆಯೊಳಗಿನಿಂದಲೇ. ಫ್ರಾನ್ಸಿನ ಓತನ್ ಪ್ರಾಂತದ ಧರ್ಮಾಧ್ಯಕ್ಷನು ಸಂಘದ ಪರಮಾಧಿಕಾರ ತನಗೆ ಸೇರಬೇಕೆಂದು ಹಟ ಹಿಡಿದನು. ಹಲವು ದೇಶಗಳಲ್ಲಿ ಹರಡಿದ ಸಂಘವನ್ನು ಒಬ್ಬ ಧರ್ಮಾಧ್ಯಕ್ಷನ ಕೈಗೆ ಒಪ್ಪಿಸಲು ಆಕೆ ಸಮ್ಮತಿಸಲಿಲ್ಲ. ಈ ವಿವಾದದ ಫಲವಾಗಿ ಗಯಾನಾದಲ್ಲಿ ಆಕೆಗೆ ಸುಮಾರು ಎರಡು ವರ್ಷಗಳ ಕಾಲ ಪರಮಪ್ರಸಾದವನ್ನು ನಿರಾಕರಿಸಲಾಯಿತು. ಶ್ರದ್ಧಾವಂತಳಾದ ಸನ್ಯಾಸಿನಿಗೆ ಇದಕ್ಕಿಂತ ಮಿಗಿಲಾದ ದಂಡನೆಯಿಲ್ಲ. ತಾನು ಬೆಳೆಸಿದ ಜನರೆಲ್ಲ ಪ್ರಸಾದಕ್ಕೆ ಮುಂದೆ ಸಾಗುವಾಗ ಆಕೆ ತನ್ನ ಸ್ಥಳದಲ್ಲಿಯೇ ಉಳಿಯಬೇಕಾಗಿತ್ತು. ಆಕೆ ತನ್ನ ಕೆಲಸವನ್ನು ಬಿಡಲಿಲ್ಲ, ಶ್ರದ್ಧೆಯನ್ನೂ ಬಿಡಲಿಲ್ಲ. 1843ರಲ್ಲಿ ಮಾನಾದಿಂದ ಬೀಳ್ಕೊಂಡು ಫ್ರಾನ್ಸಿಗೆ ಹಿಂದಿರುಗಿದಳು.

1848ರ ಏಪ್ರಿಲ್ 27ರಂದು ಫ್ರಾನ್ಸಿನ ಹೊಸ ಗಣರಾಜ್ಯ ತನ್ನ ವಸಾಹತುಗಳಲ್ಲೆಲ್ಲ ಗುಲಾಮಗಿರಿಯನ್ನು ಕೊನೆಗಾಣಿಸಿತು. ಇತರರಿಗೆ ಅಂದು ದೊರೆತ ಬಿಡುಗಡೆಯ ಫಲವನ್ನು ಮಾನಾದ ಜನ ಹತ್ತು ವರ್ಷ ಮೊದಲೇ ಉಣ್ಣತೊಡಗಿದ್ದರು. 1851ರ ಜುಲೈ 15ರಂದು ಆನ್ ಮಾರಿ ಪ್ಯಾರಿಸ್ಸಿನಲ್ಲಿ ಕೊನೆಯುಸಿರೆಳೆದಳು. ಆಕೆಯನ್ನು ಬಹಳವಾಗಿ ನೋಯಿಸಿದ ಓತನ್ನಿನ ಧರ್ಮಾಧ್ಯಕ್ಷನು ಕೆಲವೇ ದಿನಗಳ ಮುಂಚೆ ತೀರಿಕೊಂಡಿದ್ದನು. ಆತನ ಮರಣವಾರ್ತೆ ಕೇಳಿದಾಗ ಆಕೆಯ ಮನಸ್ಸಿನಲ್ಲಿ ಹಗೆಯಿರಲಿಲ್ಲವೆಂದು ಬಲ್ಲವರು ಬರೆದಿದ್ದಾರೆ. 1950ರಲ್ಲಿ ಕಥೋಲಿಕ ಧರ್ಮಸಭೆ ಆಕೆಯನ್ನು ಪುಣ್ಯವಂತಳೆಂದು ಘೋಷಿಸಿ ಗೌರವಿಸಿತು.

ಆನ್ ಮಾರಿಯೂ ತನ್ನ ಕಾಲದ ಮಿತಿಗಳನ್ನು ಪೂರ್ತಿ ದಾಟಿದವಳಲ್ಲ. ಗುಲಾಮಗಿರಿ ಒಮ್ಮೆಗೇ ಅಳಿಯಬೇಕೆಂದು ಆಕೆ ವಾದಿಸಲಿಲ್ಲ. ಶಿಕ್ಷಣ ನೀಡಿ ಹಂತಹಂತವಾಗಿ ಬಿಡುಗಡೆ ಮಾಡಬೇಕೆಂಬುದು ಆಕೆಯ ಮತವಾಗಿತ್ತು. ಮಾನಾದ ಜನರನ್ನು ಆಕೆ ಮಕ್ಕಳಂತೆ ಪ್ರೀತಿಸಿದಳು. ಮಕ್ಕಳಂತೆಯೇ ಶಿಸ್ತಿನಲ್ಲಿಯೂ ಇಟ್ಟಳು. ಸ್ವಾತಂತ್ರ್ಯ ಮನುಷ್ಯನ ಹುಟ್ಟುಹಕ್ಕು, ಅದಕ್ಕೆ ಯಾವ ಸಿದ್ಧತೆಯ ಷರತ್ತೂ ಸಲ್ಲದೆಂದು ಇಂದು ನಾವು ಅರಿತಿದ್ದೇವೆ. ಆದರೂ ಸುತ್ತಲಿನವರೆಲ್ಲ ಬೆಲೆಕಟ್ಟಿ ಮಾರುತ್ತಿದ್ದ ಜೀವಿಗಳಲ್ಲಿ ಆಕೆ ತನ್ನ ಒಡಹುಟ್ಟಿದವರನ್ನು ಕಂಡಳು. ಕಂಡ ಸತ್ಯಕ್ಕಾಗಿ ಸಿರಿವಂತರ ದ್ವೇಷವನ್ನೂ ತನ್ನವರ ತಿರಸ್ಕಾರವನ್ನೂ ಹೊತ್ತಳು. ಬಿಡುಗಡೆಯೆಂಬುದು ಕಾಗದದ ಮೇಲಿನ ಅಕ್ಷರವಷ್ಟೇ ಆದರೆ ಸಾಲದು. ಉಳಲು ನೆಲ, ತಂಗಲು ಮನೆ, ಕಲಿಯಲು ಶಾಲೆಗಳು ಜೊತೆಗೂಡಿದಾಗಲೇ ಅದು ಬಾಳಿಗೆ ಒದಗುವುದೆಂಬುದನ್ನು ಮಾಡಿ ತೋರಿಸಿದಳು. ಮಾನಾ ನದಿಯ ದಂಡೆಯಲ್ಲಿ ಆಕೆ ನೆಲೆಗೊಳಿಸಿದ ಊರು ಇಂದಿಗೂ ಇದೆ.