ಬಲ್ಬ್ ಕಂಡುಹಿಡಿದದ್ದು ಎಡಿಸನ್ ಅಲ್ಲ, ಲ್ಯಾಟಿಮರ್ ಎಂಬುದು ನಿಜವೇ?

ಬಲ್ಬ್ ಕಂಡುಹಿಡಿದವರು ಲೂಯಿಸ್ ಲ್ಯಾಟಿಮರ್ ಎಂಬ ಕಪ್ಪುವರ್ಣೀಯ ಅಮೆರಿಕನ್, ಎಡಿಸನ್ ಅದನ್ನು ಕದ್ದರು ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಟೆಲಿಫೋನ್ ಕೂಡ ಅವರದ್ದೇ. ಎರಡೂ ಸುಳ್ಳು. ಆದರೆ ಲ್ಯಾಟಿಮರ್ ನಿಜವಾಗಿ ಬದುಕಿದ್ದ ವ್ಯಕ್ತಿ, ಬಲ್ಬಿನ ಇತಿಹಾಸದಲ್ಲಿ ಅವರಿಗೊಂದು ಗಟ್ಟಿ ಜಾಗವೂ ಇದೆ.

ಅವರ ತಂದೆ ತಾಯಿ ಗುಲಾಮರಾಗಿದ್ದವರು. 1842ರಲ್ಲಿ ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಾಸ್ಟನ್‌ಗೆ ಬಂದರು. ಅಲ್ಲಿ ತಂದೆ ಜಾರ್ಜ್ ಸಿಕ್ಕಿಬಿದ್ದಾಗ ಊರಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಕೊನೆಗೆ 400 ಡಾಲರ್ ಕೊಟ್ಟು ಅವರ ಬಿಡುಗಡೆ ಕೊಳ್ಳಬೇಕಾಯಿತು. ಓಡಿಬಂದ ಗುಲಾಮರನ್ನು ಹಿಡಿಯಲು ರಾಜ್ಯದ ಅಧಿಕಾರಿಗಳು ನೆರವಾಗಬಾರದು ಎಂಬ ಕಾನೂನನ್ನು ಮ್ಯಾಸಚೂಸೆಟ್ಸ್ ಮರುವರ್ಷವೇ ತಂದಿತು.

ಲೂಯಿಸ್ ಹುಟ್ಟಿದ್ದು 1848ರ ಸೆಪ್ಟೆಂಬರ್ 4ರಂದು, ಬಾಸ್ಟನ್ ಪಕ್ಕದ ಚೆಲ್ಸಿಯಲ್ಲಿ. ಹದಿಹರೆಯದಲ್ಲೇ ನೌಕಾಪಡೆ ಸೇರಿ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದ ಮೇಲೆ ಬಾಸ್ಟನ್‌ನ ಪೇಟೆಂಟ್ ವಕೀಲರ ಕಚೇರಿಯೊಂದರಲ್ಲಿ ಆಫೀಸ್ ಬಾಯ್ ಕೆಲಸ ಸಿಕ್ಕಿತು. ವಾರಕ್ಕೆ 3 ಡಾಲರ್ ಸಂಬಳ.

ಪೇಟೆಂಟ್ ಅರ್ಜಿಯ ಜೊತೆ ಯಂತ್ರದ ಪ್ರತಿಯೊಂದು ಭಾಗದ ಕರಾರುವಾಕ್ ಚಿತ್ರ ಕೊಡಬೇಕು. ಅದನ್ನು ಬರೆಯುವ ನಕ್ಷೆಗಾರರು ಆ ಕಚೇರಿಯಲ್ಲಿದ್ದರು. ಹುಡುಗ ಅವರ ಕೈಚಳಕ ನೋಡುತ್ತ ನಿಂತ. ಸೆಕೆಂಡ್ ಹ್ಯಾಂಡ್ ಉಪಕರಣ, ಪುಸ್ತಕ ಕೊಂಡು ರಾತ್ರಿ ಮನೆಯಲ್ಲಿ ಅಭ್ಯಾಸ ಮಾಡಿದ. ಕಲಿಸುವವರು ಯಾರೂ ಇರಲಿಲ್ಲ. ಅದೇ ಬಾಸ್ಟನ್‌ನಲ್ಲಿ 1861ರಲ್ಲೇ ಎಂಐಟಿ ಶುರುವಾಗಿತ್ತು ನಿಜ, ಆದರೆ ಅಲ್ಲಿಂದ ಕಪ್ಪುವರ್ಣೀಯರೊಬ್ಬರು ಮೊದಲ ಬಾರಿ ಪದವಿ ಪಡೆದದ್ದು 1892ರಲ್ಲಿ! ಒಂದು ದಿನ ತಾನೂ ಒಂದು ಚಿತ್ರ ಬರೆಯಲೇ ಎಂದು ಕೇಳಿದಾಗ ಮೊದಲು ನಗು, ಆಮೇಲೆ ಅನುಮತಿ. ಕೆಲವೇ ವರ್ಷಗಳಲ್ಲಿ ಅವರೇ ಅಲ್ಲಿನ ಮುಖ್ಯ ನಕ್ಷೆಗಾರರಾದರು.

ಟೆಲಿಫೋನ್ ಕಥೆ ಹುಟ್ಟಿದ್ದು ಇಲ್ಲಿಂದಲೇ. 1876ರಲ್ಲಿ ಗ್ರಹಾಂ ಬೆಲ್ ಪೇಟೆಂಟಿಗೆ ಅರ್ಜಿ ಹಾಕಿದಾಗ ಚಿತ್ರ ಬರೆದುಕೊಟ್ಟವರು ಲ್ಯಾಟಿಮರ್. ಯಂತ್ರ ಬೆಲ್ ಅವರದ್ದು, ನಕ್ಷೆ ಇವರದ್ದು. ಅಂದಹಾಗೆ ಅದಕ್ಕೂ ಎರಡು ವರ್ಷ ಮೊದಲು ಇನ್ನೊಬ್ಬರ ಜೊತೆ ಸೇರಿ ಲ್ಯಾಟಿಮರ್ ತಾವೇ ಒಂದು ಪೇಟೆಂಟ್ ಪಡೆದಿದ್ದರು. ಅದು ರೈಲಿನ ಶೌಚಾಲಯದ ಸುಧಾರಣೆಗೆ! ಫಾರ್ವರ್ಡ್ ಬರೆಯುವವರು ಇದನ್ನು ಯಾಕೆ ಬಿಡುತ್ತಾರೋ ಗೊತ್ತಿಲ್ಲ.

ಇನ್ನು ಬಲ್ಬ್. 1879ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್, ಅಮೆರಿಕದಲ್ಲಿ ಎಡಿಸನ್ ಇಂಗಾಲದ ತಂತು ಇರುವ ಬಲ್ಬ್ ಬೆಳಗಿಸಿ ತೋರಿಸಿದ್ದರು. ಲ್ಯಾಟಿಮರ್ ಈ ಕ್ಷೇತ್ರಕ್ಕೆ ಬಂದದ್ದು 1880ರಲ್ಲಿ, ಅದೂ ಎಡಿಸನ್ ಅವರ ಪ್ರತಿಸ್ಪರ್ಧಿ ಹೈರಮ್ ಮ್ಯಾಕ್ಸಿಮ್ ಅವರ ಕಂಪನಿಗೆ. ಹಾಗಾಗಿ ಎಡಿಸನ್ ಕದ್ದರು ಎಂಬ ಮಾತು ತಾರೀಕು ನೋಡಿದರೇ ಬಿದ್ದುಹೋಗುತ್ತದೆ.

ಆಗ ತೊಂದರೆ ಇದ್ದದ್ದು ತಂತು ತಯಾರಿಕೆಯಲ್ಲಿ. ಕಾಗದದಂಥ ನಾರಿನ ವಸ್ತುವನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಗಾಳಿಯಾಡದಂತೆ ಕಾಯಿಸಿ ಇಂಗಾಲ ಮಾಡಬೇಕು. ಕೆಂಡದ ಮೇಲಿಟ್ಟ ಹಪ್ಪಳ ಸುರುಟಿಕೊಳ್ಳುತ್ತದಲ್ಲ, ಹಾಗೆಯೇ ತಂತು ಸೊಟ್ಟಗಾಗುತ್ತಿತ್ತು, ಮುರಿಯುತ್ತಿತ್ತು. ಕಾಯಿಸುವಾಗ ತಂತುವಿನಷ್ಟೇ ಹಿಗ್ಗಿ ಕುಗ್ಗುವ ಕಾಗದದ ಲಕೋಟೆಯೊಳಗೆ ಅದನ್ನು ಇಟ್ಟರೆ ಆಕಾರ ಕೆಡುವುದಿಲ್ಲ ಎಂದು ಲ್ಯಾಟಿಮರ್ ಕಂಡುಕೊಂಡರು. 1882ರ ಜನವರಿಯಲ್ಲಿ ಈ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಪ್ರಯೋಗಾಲಯದಲ್ಲಿ ಒಂದು ಬಲ್ಬ್ ಬೆಳಗಿಸುವುದು ಒಂದು ಸಾಧನೆ, ಕಾರ್ಖಾನೆಯಲ್ಲಿ ಸಾವಿರಾರು ಮಾಡುವುದು ಇನ್ನೊಂದು. ಲ್ಯಾಟಿಮರ್ ಅವರದ್ದು ಎರಡನೆಯದು.

ನ್ಯೂಯಾರ್ಕ್, ಫಿಲಡೆಲ್ಫಿಯಾ, ಮಾಂಟ್ರಿಯಲ್‌ಗಳಲ್ಲಿ ವಿದ್ಯುದ್ದೀಪ ಅಳವಡಿಸುವ ಕೆಲಸ ನೋಡಿಕೊಂಡರು. ಲಂಡನ್ನಿನಲ್ಲಿ ಬಲ್ಬ್ ತಯಾರಿಕಾ ಘಟಕ ಕಟ್ಟಿಕೊಟ್ಟರು. 1884ರಲ್ಲಿ ಎಡಿಸನ್ ಕಂಪನಿ ಸೇರಿದರು. ಮುಂದೆ ಅಲ್ಲಿನ ಪೇಟೆಂಟ್ ಮೊಕದ್ದಮೆಗಳಲ್ಲಿ ತಜ್ಞ ಸಾಕ್ಷಿಯಾಗಿ ಎಡಿಸನ್ ಪರವಾಗಿಯೇ ಕೋರ್ಟಿನಲ್ಲಿ ಹೇಳಿಕೆ ಕೊಟ್ಟರು. 1890ರಲ್ಲಿ ವಿದ್ಯುದ್ದೀಪದ ಬಗ್ಗೆ ಪುಸ್ತಕ ಬರೆದರು. 1918ರಲ್ಲಿ ಎಡಿಸನ್ ಅವರ ಹಳೆಯ ಸಹೋದ್ಯೋಗಿಗಳು ಕಟ್ಟಿದ ಎಡಿಸನ್ ಪಯನಿಯರ್ಸ್ ಸಂಘದ ಸ್ಥಾಪಕ ಸದಸ್ಯರಲ್ಲಿ ಕಪ್ಪುವರ್ಣೀಯರೆಂದರೆ ಅವರೊಬ್ಬರೇ.

ಫಾರ್ವರ್ಡ್‌ಗಳು ಹೇಳದ ಇನ್ನೊಂದು ವಿಷಯವಿದೆ. 1906ರ ಸುಮಾರಿಗೆ ಅವರು ನ್ಯೂಯಾರ್ಕ್‌ನ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಎಂಬ ಸೇವಾ ಸಂಸ್ಥೆಯಲ್ಲಿ, ಹೊರದೇಶಗಳಿಂದ ಬಂದ ವಲಸಿಗರಿಗೆ ಇಂಗ್ಲಿಷ್ ಮತ್ತು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸತೊಡಗಿದರು. ತಾವು ಕದ್ದು ನೋಡಿ ಕಲಿತ ವಿದ್ಯೆಗೆ ಇಲ್ಲಿ ಅವರೇ ಮೇಷ್ಟ್ರು.

ಲ್ಯಾಟಿಮರ್ ತೀರಿಕೊಂಡದ್ದು 1928ರ ಡಿಸೆಂಬರ್ 11ರಂದು. ಕ್ವೀನ್ಸ್‌ನಲ್ಲಿದ್ದ ಅವರ ಮನೆ ನೆಲಸಮವಾಗುವ ಹಂತಕ್ಕೆ ಬಂದಾಗ, 1988ರಲ್ಲಿ ಅದನ್ನು ಇಡಿಯಾಗಿ ಬೇರೆ ಜಾಗಕ್ಕೆ ಸಾಗಿಸಿ ಉಳಿಸಿಕೊಂಡರು. ಈಗ ಅದು ಮ್ಯೂಸಿಯಂ. ಮಕ್ಕಳಿಗೆ ಅಲ್ಲಿ ವಿಜ್ಞಾನ, ತಂತ್ರಜ್ಞಾನದ ತರಗತಿಗಳು ನಡೆಯುತ್ತವೆ.