ನರಗುಂದದ ಬಾಬಾಸಾಹೇಬ

ಸಾರ್ವಜನಿಕ ಸಂಪರ್ಕವೆಂಬುದು ಈಗ ವಿಶ್ವವಿದ್ಯಾಲಯಗಳಲ್ಲಿ ಕಲಿಸುವ ಒಂದು ಶಾಸ್ತ್ರವಾಗಿದೆ. ಸರಕಾರವಾಗಲಿ ದೊಡ್ಡ ವ್ಯಾಪಾರ ಸಂಸ್ಥೆಯಾಗಲಿ ಜನರೊಡನೆ ಹೇಗೆ ಮಾತನಾಡಬೇಕು, ಅವರ ಮಾತನ್ನು ಹೇಗೆ ಕೇಳಬೇಕು ಎಂಬುದೇ ಅದರ ವಿಷಯ. 1984ರಲ್ಲಿ ಅಮೆರಿಕದ ಜೇಮ್ಸ್ ಗ್ರೂನಿಗ್ ಮತ್ತು ಟಾಡ್ ಹಂಟ್ ಎಂಬ ವಿದ್ವಾಂಸರು ಈ ವ್ಯವಹಾರವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬರಿಯ ಡಂಗುರ ಸಾರುವುದು ಮೊದಲನೆಯದು. ಇದ್ದ ಸಂಗತಿಯನ್ನು ತಿಳಿಸಿ ಸುಮ್ಮನಾಗುವುದು ಎರಡನೆಯದು. ಎದುರಿನವರ ಮನಸ್ಸನ್ನರಿತು ಅವರನ್ನು ತನ್ನ ಕಡೆಗೆ ಒಲಿಸಿಕೊಳ್ಳುವುದು ಮೂರನೆಯದು. ಅವರ ಮಾತು ಕೇಳಿ ತಾನೂ ಬದಲಾಗಲು ಸಿದ್ಧವಿರುವುದು ನಾಲ್ಕನೆಯದು. ಈ ವಿಂಗಡಣೆಯನ್ನು ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ನರಗುಂದದ ಗುಡ್ಡ ಬಂದು ನಿಲ್ಲುತ್ತದೆ. ನಾಲ್ಕನೆಯ ಬಗೆಯ ಮಾತು ಅಲ್ಲಿ ಒಮ್ಮೆ ನಡೆದಿದ್ದರೆ, ಒಬ್ಬ ವಿದ್ಯಾವಂತ ದೊರೆಯ ಬಾಳು ಬೇರೊಂದು ರೀತಿಯಲ್ಲಿ ಮುಗಿಯುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ರೋಣ, ಗಜೇಂದ್ರಗಡಗಳ ಕಡೆಯಿಂದ ಬರುವ ಪ್ರವಾಸಿಗೆ ಎರೆಭೂಮಿಯ ಬಯಲಿನಲ್ಲಿ ಆ ಗುಡ್ಡ ಬಹು ದೂರದಿಂದಲೇ ಕಾಣುತ್ತದೆ. ಅದರ ಮೇಲೆ ಕೋಟೆ, ಅಡಿಯಲ್ಲಿ ಊರು. ಅಲ್ಲಿ ಆಳಿದವರು ಭಾವೆ ಮನೆತನದವರು. 1785ರಲ್ಲಿ ಟೀಪು ಸುಲ್ತಾನನ ಸೈನ್ಯ ಈ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡಿತು. ಮುಂದೆ ಭಾವೆಯವರಿಗೆ ಸಂಸ್ಥಾನ ಮರಳಿ ದೊರಕಿತು. ನರಗುಂದ, ರಾಮದುರ್ಗಗಳು ಒಂದೇ ಮನೆತನದ ಎರಡು ಶಾಖೆಗಳಿಗೆ ಹಂಚಿಹೋದವು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದಾಗ ಇಂಗ್ಲಿಷರು ನರಗುಂದದ ಒಡೆತನವನ್ನು ಮನ್ನಿಸಿದರು.

ಭಾಸ್ಕರರಾವ್ ಭಾವೆ ಈ ಗಾದಿಯ ಕೊನೆಯ ದೊರೆ. ಜನ ಅವನನ್ನು ಬಾಬಾಸಾಹೇಬನೆಂದು ಕರೆದರು. ಅವನನ್ನು ನೆನೆದೊಡನೆ ನಮ್ಮ ಮನಸ್ಸಿಗೆ ಬರುವುದು ಖಡ್ಗ ಹಿಡಿದ ವೀರನ ಚಿತ್ರ. ಆದರೆ ಅವನು ಮೊದಲು ಪುಸ್ತಕಗಳ ಮನುಷ್ಯ. ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರವೊಂದನ್ನು ಅವನು ತನ್ನ ವಾಡೆಯಲ್ಲಿ ಕೂಡಿಸಿದ್ದನು. ಅಂಥವನು ಹಗುರಾಗಿ ಬಂಡಾಯಕ್ಕೆ ಇಳಿಯುವವನಲ್ಲ. ಅವನ ಮನಸ್ಸು ಕಹಿಯಾದದ್ದು ಮೆಲ್ಲಮೆಲ್ಲನೆ, ವರುಷಗಳ ಪತ್ರವ್ಯವಹಾರದಲ್ಲಿ.

ಅವನಿಗೆ ಗಂಡುಸಂತಾನ ಉಳಿಯಲಿಲ್ಲ. ದತ್ತಕ ತೆಗೆದುಕೊಳ್ಳಲು ಅನುಮತಿ ಬೇಡಿದನು, ಸರಕಾರ ನಿರಾಕರಿಸಿತು. ದತ್ತಕವೆಂದರೆ ಹಿಂದೂ ಮನೆತನಕ್ಕೆ ಬರಿಯ ಆಸ್ತಿಯ ಪ್ರಶ್ನೆಯಲ್ಲ. ಪಿತೃಗಳಿಗೆ ನೀರು ಬಿಡುವವರಾರು ಎಂಬ ಪ್ರಶ್ನೆ. ಸರಕಾರಕ್ಕೆ ಮಾತ್ರ ಅದು ಒಂದು ಸಂಸ್ಥಾನ ಉಳಿಯಬೇಕೋ ಅಳಿಯಬೇಕೋ ಎಂಬ ಕಾಗದದ ಲೆಕ್ಕ. ಮನವಿ ಒಂದು ಭಾಷೆಯಲ್ಲಿತ್ತು, ಉತ್ತರ ಇನ್ನೊಂದರಲ್ಲಿ ಬಂತು. ಇಲ್ಲಿ ನಾನು ಭಾಷೆಯೆನ್ನುವುದು ಮರಾಠಿ, ಇಂಗ್ಲಿಷುಗಳನ್ನಲ್ಲ.

ಅದೇ ಕಾಲದಲ್ಲಿ ಇನಾಮ ಕಮಿಶನ್ನು ನಮ್ಮ ಸೀಮೆಯನ್ನು ಸೋಸುತ್ತಿತ್ತು. 1852ರ ಕಾಯಿದೆಯ ಬಲದಿಂದ ಅದು ಇನಾಮದಾರರ ಹಕ್ಕುಪತ್ರಗಳನ್ನು ಕೇಳಿತು. ಅಜ್ಜ ಮುತ್ತಜ್ಜರ ಕಾಲದಿಂದ ಉಂಡು ಬಂದ ಹೊಲಕ್ಕೆ ಸನದು ತೋರಿಸಲಾರದವರು ಅದನ್ನು ಕಳೆದುಕೊಂಡರು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂತು. ಹಲಗಲಿಯ ಬೇಡರು ಅದಕ್ಕೆ ತಲೆಬಾಗದೆ ಮಡಿದರು. ಅವರ ಕಥೆ ಲಾವಣಿಯಾಗಿ ಉಳಿದಿದೆ. ನರಗುಂದದ ದೊರೆಗೂ ತೋಪು, ಮದ್ದುಗಳನ್ನು ಧಾರವಾಡಕ್ಕೆ ಕಳುಹಿಸಬೇಕೆಂದು ಅಪ್ಪಣೆಯಾಯಿತು. ಈ ಯಾವ ಹುಕುಮಿನ ಹಿಂದೆಯೂ ಜನ ಏನೆನ್ನುವರೆಂದು ಕೇಳುವ ಪದ್ಧತಿ ಇರಲಿಲ್ಲ. ಹುಕುಂ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಕೆಳಗಿನಿಂದ ಮೇಲಕ್ಕೆ ಏರುವ ದಾರಿಯೇ ಇರಲಿಲ್ಲ.

1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾವ್ ಬಂಡೆದ್ದನು. ಆಗ ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನ ಕೆಲಸ ನೋಡುತ್ತಿದ್ದವನು ಚಾರ್ಲ್ಸ್ ಮ್ಯಾನ್ಸನ್. ಈತ ಹಿಂದೆ ಇನಾಮ ಕಮಿಶನ್ನಿನಲ್ಲಿ ದುಡಿದವನು. ಸಂಸ್ಥಾನಿಕರೊಡನೆ ವಿಶ್ವಾಸ ಬೆಳೆಸಬೇಕಾದ ಸ್ಥಾನಕ್ಕೆ, ಅವರ ಅವಿಶ್ವಾಸಕ್ಕೆ ಕಾರಣವಾದ ಕಚೇರಿಯಿಂದಲೇ ಬಂದವನನ್ನು ಕೂಡಿಸಿದ್ದು ಸರಕಾರದ ದೊಡ್ಡ ತಪ್ಪೆಂದು ನಾನು ಎಣಿಸುತ್ತೇನೆ. ಬಾಬಾಸಾಹೇಬನ ಮೇಲೆ ಸಂಶಯಗೊಂಡ ಮ್ಯಾನ್ಸನ್ ಅವನಿಗೆ ಕಟುವಾದ ಪತ್ರವೊಂದನ್ನು ಬರೆದನು. ಸಮಾಧಾನದ ಒಂದು ಸಾಲು ಬೇಕಾಗಿದ್ದ ಹೊತ್ತಿನಲ್ಲಿ ಬೆದರಿಕೆ ಬಂತು. ಬಾಬಾಸಾಹೇಬ ಅದಕ್ಕೆ ಕಾಗದದಲ್ಲಿ ಉತ್ತರ ಕೊಡಲಿಲ್ಲ.

ಮ್ಯಾನ್ಸನ್ ರಾಮದುರ್ಗಕ್ಕೆ ಬಂದನು. ಅಲ್ಲಿಯ ದೊರೆ ಬಾಬಾಸಾಹೇಬನ ಮಲಸಹೋದರ. ಅವನು ಮುಂದಿರುವ ಅಪಾಯವನ್ನು ಸೂಚಿಸಿದನು. ಆದರೂ ಮ್ಯಾನ್ಸನ್ ಧಾರವಾಡದತ್ತ ಹೊರಟು, ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದನು. ಬಾಬಾಸಾಹೇಬನ ಜನ ಅಲ್ಲಿಯೇ ಅವನನ್ನು ಕೊಂದರು. ಅವನ ತಲೆಯನ್ನು ನರಗುಂದಕ್ಕೆ ಒಯ್ದು ಊರಬಾಗಿಲಿಗೆ ತೂಗುಹಾಕಿದರು. ಬಾಬಾಸಾಹೇಬನನ್ನು ಗೌರವಿಸುವ ನಾನು ಈ ಕೃತ್ಯವನ್ನು ಮೆಚ್ಚಲಾರೆ, ಮುಚ್ಚಿಡಲೂ ಆರೆ. ವರುಷಗಟ್ಟಲೆ ಕೇಳಿಸಿಕೊಳ್ಳದವರಿಗೆ ಕೇಳಿಸುವಂತೆ ಹೇಳುವ ದಾರಿ ಇದೊಂದೇ ಎಂದು ಆ ದೊರೆಗೆ ತೋರಿರಬೇಕು. ಅದೂ ಒಂದು ಡಂಗುರವೇ ಸರಿ.

ಸರಕಾರದ ಮರುಡಂಗುರಕ್ಕೆ ತಡವಾಗಲಿಲ್ಲ. ಜೂನ್ 1ರಂದು ಕರ್ನಲ್ ಮಾಲ್ಕಂನ ದಂಡು ನರಗುಂದಕ್ಕೆ ಬಂತು. ಊರೂ ಕೋಟೆಯೂ ಬೇಗನೆ ಬಿದ್ದವು. ಬಾಬಾಸಾಹೇಬ ತಪ್ಪಿಸಿಕೊಂಡು ಹೋದನು. ಪಂಢರಪುರದ ಯಾತ್ರಿಕರ ವೇಷದಲ್ಲಿದ್ದ ಅವನನ್ನೂ ಅವನ ಸಂಗಡಿಗರನ್ನೂ ತೊರಗಲ್ಲಿನ ಕಾಡಿನಲ್ಲಿ ಪೊಲೀಸ ಅಧಿಕಾರಿ ಫ್ರಾಂಕ್ ಸೌಟರ್ ಸೆರೆಹಿಡಿದನು. ದೊರೆಯ ತಾಯಿಯೂ ಹೆಂಡತಿಯೂ ಮಲಪ್ರಭೆಯ ಪಾಲಾದರು. ಬೆಳಗಾವಿಯಲ್ಲಿ ವಿಚಾರಣೆ ನಡೆದು 1858ರ ಜೂನ್ 12ರಂದು ಅವನಿಗೆ ಗಲ್ಲಾಯಿತು. ಸಂಸ್ಥಾನ ಸರಕಾರಕ್ಕೆ ಸೇರಿತು. ಸೆರೆಯಿಂದ ಗಲ್ಲಿನವರೆಗೆ ಎರಡು ವಾರವೂ ಪೂರ್ತಿಯಾಗಿ ಕಳೆಯಲಿಲ್ಲ. ದತ್ತಕದ ಮನವಿಯನ್ನು ವರುಷಗಟ್ಟಲೆ ಎಳೆದಾಡಿಸಿದ ಕಚೇರಿಗೆ ಈ ಕೆಲಸದಲ್ಲಿ ಎಂಥ ಚುರುಕು ಬಂತು!

ಇನ್ನು ಮುಂದಿನದನ್ನು ಓದುಗರು ಗಮನಿಸಬೇಕು. ಅದೇ ವರುಷ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಹೊರಟಿತು. ಅಲಹಾಬಾದಿನಲ್ಲಿ ಕ್ಯಾನಿಂಗ್ ಅದನ್ನು ಓದಿಸಿದನು. ದೇಶಭಾಷೆಗಳಿಗೆ ತಿರುಗಿಸಿ ಊರೂರುಗಳಲ್ಲಿ ಜನರನ್ನು ಕೂಡಿಸಿ ಓದಲಾಯಿತು. ಸಂಸ್ಥಾನಿಕರ ಹಕ್ಕು, ಮರ್ಯಾದೆಗಳನ್ನು ಕಾಯುವೆವೆಂದೂ ಧರ್ಮದಲ್ಲಿ ಕೈಹಾಕೆವೆಂದೂ ಅದರಲ್ಲಿ ಅಭಯವಿತ್ತು. ಭಾರತದಲ್ಲಿ ಆವರೆಗೆ ಯಾವ ಸರಕಾರವೂ ಅಷ್ಟು ವ್ಯಾಪಕವಾಗಿ ಸಂಪರ್ಕದ ಕಾರ್ಯ ನಡೆಸಿರಲಾರದು. 1862ರಲ್ಲಿ ಕ್ಯಾನಿಂಗನು ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟನು. ಬಾಬಾಸಾಹೇಬ ಬೇಡಿದ್ದು ಅದನ್ನೇ. ನಾಲ್ಕು ವರುಷ ಮೊದಲು ಅವನಿಗದು ಸಿಕ್ಕಿದ್ದರೆ ನರಗುಂದದ ಗ್ರಂಥಭಂಡಾರದಲ್ಲಿ ಅವನು ಮುದುಕನಾಗುತ್ತಿದ್ದನು. ಮ್ಯಾನ್ಸನ್ನನೂ ತನ್ನ ನಾಡಿಗೆ ಮರಳುತ್ತಿದ್ದನು.

ಈ ಪಾಠ ಪರಕೀಯರ ಆಳಿಕೆಯೊಂದಿಗೆ ಮುಗಿಯಲಿಲ್ಲವೆಂಬುದೇ ನನ್ನ ವ್ಯಥೆ. 1980ರ ಜುಲೈ 21ರಂದು ಇದೇ ನರಗುಂದದಲ್ಲಿ ರೈತರು ಬೀದಿಗಿಳಿದರು. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ತಲುಪುವ ಮೊದಲೇ ನೀರಿನ ಕರ, ಬೆಟರ್‌ಮೆಂಟ್ ಲೆವಿಗಳ ನೋಟೀಸು ಮನೆಗೆ ತಲುಪಿತ್ತು. ಅಂದು ಗೋಲಿಬಾರಾಯಿತು, ಜೀವಹಾನಿಯಾಯಿತು. ಆಗ ಆಳುತ್ತಿದ್ದವರು ನಮ್ಮವರೇ, ನಾವು ಆರಿಸಿ ಕಳುಹಿಸಿದವರೇ. ರೈತರ ಅಹವಾಲು ಮಾತ್ರ ಬಾಬಾಸಾಹೇಬನ ಮನವಿಯಂತೆಯೇ ಕಚೇರಿಯ ಹೊಸ್ತಿಲಲ್ಲಿ ಕುಳಿತಿತ್ತು.

ಸಂಪರ್ಕಶಾಸ್ತ್ರವನ್ನು ಅಭ್ಯಾಸ ಮಾಡುವ ತರುಣರು ಒಂದು ದಿನದ ಬಿಡುವು ಮಾಡಿಕೊಂಡು ನರಗುಂದದ ಗುಡ್ಡವನ್ನು ಹತ್ತಿ ಬರಬೇಕು. ಕರಪತ್ರ ಬರೆಯುವುದನ್ನೂ ಪತ್ರಿಕೆಗಳಿಗೆ ಸುದ್ದಿ ಕೊಡುವುದನ್ನೂ ಅವರು ತರಗತಿಯಲ್ಲಿ ಕಲಿಯುತ್ತಾರೆ. ಬಂದ ಮನವಿಗೆ ಹೊತ್ತಿಗೆ ಸರಿಯಾಗಿ, ಮನುಷ್ಯರಿಗೆ ಕೊಡುವಂಥ ಉತ್ತರ ಕೊಡದಿದ್ದರೆ ಏನಾಗುತ್ತದೆಂಬುದನ್ನು ಆ ಗುಡ್ಡದ ಮೇಲೆ ಕಲಿಯಬಹುದು.